ಹಾಡಿನಿಂದ ತೆಗೆದ ಹೆಸರು

ಆ ಶಾಲೆಯಲ್ಲಿ ಎಲ್ಲರೂ ಅವರನ್ನು ಮಾವಶಿ ಎಂದೇ ಕರೆಯುತ್ತಿದ್ದರು. ಅವರ ಮನೆಮಾತಿನಲ್ಲಿ ಮಾವಶಿ ಎಂದರೆ ಅವ್ವನ ತಂಗಿ. ಮಕ್ಕಳ ಬಾಯಿಂದ ಕೇಳಿ ಕೇಳಿ ನಮಗೆ ಶಿಕ್ಷಕರಿಗೂ ಅದೇ ರೂಢಿಯಾಗಿತ್ತು. ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬೇಡವೆಂದು ಅವರೇ ಹೇಳಿದ್ದಾರೆ. ಅವರು ಹೇಳಿದ ಒಂದು ಮಾತನ್ನಾದರೂ ನಾನು ನಡೆಸಿಕೊಡಬೇಕಲ್ಲ.

ಶಾಲೆ ಇದ್ದದ್ದು ಇಡಗುಂದಿಯಿಂದ ಒಳಗೆ, ಹೆದ್ದಾರಿಯ ಲಾರಿಗಳ ಸದ್ದು ಕೇಳಿಯೂ ಕೇಳದಷ್ಟು ದೂರದಲ್ಲಿ. ಎರಡು ಕೋಣೆ, ಒಂದು ಜಗಲಿ, ಹಿಂದುಗಡೆ ತಗಡು ಹೊದೆಸಿದ ಅಡುಗೆಮನೆ. ನನ್ನ ತವರು ಶಿರಸಿಯ ಹತ್ತಿರದ ವಾನಳ್ಳಿ. ಮದುವೆಯಾದ ಮೇಲೆ ಯಲ್ಲಾಪುರ ಪೇಟೆಯಲ್ಲಿ ಮನೆ. ವರ್ಗವಾಗಿ ಆ ಶಾಲೆಗೆ ಹೋದ ಮೊದಲ ದಿನ ನಾನು ಚೀಲ ಇಳಿಸುವುದಕ್ಕೂ ಮುಂಚೆ ಮಾವಶಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಗಿಡ್ಡ ಆಳು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದರು. ಕೈಯಲ್ಲಿ ಸೌಟು.

"ಅಕ್ಕೋರೆ, ನಿಮಗೆ ಹಾಡು ಆಗ್ತದನ್ರಿ?"

ಟೀಚರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಪ್ರಶ್ನೆ ಮಾತ್ರ ಅರ್ಥವಾಗಲಿಲ್ಲ.

"ಹಾಡು ಆಗೋದು ಅಂದ್ರೆ?"

"ಮೊದ್ಲಿದ್ದ ಮಾಸ್ತರ್ರಿಗೆ ಆಗ್ತಿರ್ಲಿಲ್ರಿ. ತಲೆನೋವು ಬರ್ತದೆ ಅಂತಿದ್ರು. ನಂಗೆ ಹಾಡದೇ ಅಡಿಗಿ ಮಾಡೂಕೆ ಬರೂದಿಲ್ಲ. ಅದ್ಕೆ ಕೇಳ್ದೆ."

ನನಗೆ ನಗು ಬಂತು. ಶಿರಸಿಯಲ್ಲಿ ಎಂಟು ವರ್ಷ ಹಿಂದೂಸ್ತಾನಿ ಕಲಿತವಳು ನಾನು. ಆ ಹೆಮ್ಮೆಯಿಂದಲೇ ಹೇಳಿದೆ, "ನಂಗೂ ಹಾಡು ಬರ್ತದೆ ಮಾವಶಿ, ಧಾರಾಳ ಹಾಡಿ."

ಅವರು ಹಾಡುತ್ತಿದ್ದದ್ದು ಒಲೆಯ ಕಡೆ ಮುಖ ಮಾಡಿ. ಯಾರಾದರೂ ಎದುರು ಹೋಗಿ ನಿಂತರೆ ನಿಲ್ಲಿಸಿಬಿಡುತ್ತಿದ್ದರು. ಬಲಗೈ ಸೌಟು ತಿರುಗಿಸುತ್ತಿರಬೇಕು, ಆಗಲೇ ಹಾಡು ಹೊರಡುವುದು. ಸೌಟು ಇಲ್ಲದಾಗಲೂ ಆ ಕೈ ಗಾಳಿಯಲ್ಲಿ ಹಾಗೆಯೇ ಸುತ್ತುತ್ತಿತ್ತು. ಯಾರೋ ಮಾಡಿದ ಹಾಡನ್ನು ಅವರು ಹಾಡಿದ್ದು ನಾನು ಕೇಳಿಲ್ಲ. ಬೇಳೆ ಬೇಯುತ್ತಿದ್ದರೆ ಬೇಳೆಯ ಮೇಲೆ, ಉಪ್ಪು ಮುಗಿದಿದ್ದರೆ ಉಪ್ಪಿನ ಮೇಲೆ, ಮೂರನೇ ತರಗತಿಯ ಹುಡುಗಿ ತಟ್ಟೆ ಸರಿಯಾಗಿ ತೊಳೆಯದಿದ್ದರೆ ಆ ತಟ್ಟೆಯ ಮೇಲೆ, ಆ ಕ್ಷಣಕ್ಕೆ ಕಟ್ಟುತ್ತಿದ್ದರು. ಊಟಕ್ಕೆ ಕುಳಿತ ಮಕ್ಕಳು ಅದನ್ನು ಕಲಿತು, ಮಧ್ಯಾಹ್ನ ನನ್ನ ತರಗತಿಗೆ ಹೊತ್ತು ತರುತ್ತಿದ್ದರು. ಮಗ್ಗಿ ಬಾಯಿಗೆ ಬಾರದವರಿಗೆ ಮಾವಶಿಯ ಲೆಕ್ಕದ ಹಾಡು ಬರುತ್ತಿತ್ತು.

ಒಂದು ಸಲ ನಾನು ಕೇಳಿದೆ, "ಶ್ರುತಿ ಎಲ್ಲಿಂದ ಹಿಡೀತೀರಿ ಮಾವಶಿ? ದಿನಾ ಒಂದೇ ಮಟ್ಟದಲ್ಲಿ ಶುರು ಮಾಡ್ತೀರಲ್ಲ?"

"ಕುಕ್ಕರಿಂದ್ರಿ," ಎಂದರು. "ಎರಡನೇ ಸೀಟಿ ಸಮಾ ಇರ್ತದೆ. ಮೊದಲ್ನೇದು ಬರೀ ಗಾಳಿ."

ಮರುದಿನ ಕಾದು ಕುಳಿತು ಕೇಳಿದೆ. ಅವರು ಹೇಳಿದ್ದು ನಿಜವಾಗಿತ್ತು. ಎರಡನೇ ಸೀಟಿ ಹೊಡೆದ ಮೇಲೆ, ಅದರದ್ದೇ ಸ್ವರದಲ್ಲಿ, ಮಾವಶಿ ಶುರು ಮಾಡಿದರು. ಎಂಟು ವರ್ಷ ತಂಬೂರಿಯ ಪಕ್ಕ ಕುಳಿತವಳಿಗೆ ಸ್ವಂತದ್ದೆಂದು ಒಂದು ಸಾಲು ಕಟ್ಟಲು ಬಂದಿರಲಿಲ್ಲ. ಗುರುಗಳು ಕೊಟ್ಟದ್ದನ್ನು ಕೊಟ್ಟ ಹಾಗೇ ಒಪ್ಪಿಸುವುದಷ್ಟೇ ನನಗೆ ಗೊತ್ತಿದ್ದದ್ದು. ಹೊಟ್ಟೆಕಿಚ್ಚು ಅಂದೇ ಹುಟ್ಟಿತೋ ಏನೋ.

ಹನ್ನೊಂದರ ಬಸ್ಸಿಗೆ ಪೇಪರು ಬರುತ್ತಿತ್ತು. ಮಾವಶಿ ಓದಿದ್ದು ಮೂರನೆಯವರೆಗೆ. ದೊಡ್ಡಕ್ಷರ ಮಾತ್ರ ಕೂಡಿಸಿ ಓದುತ್ತಿದ್ದರು. ತರಕಾರಿ ಹೆಚ್ಚುತ್ತ, "ಇವತ್ತು ಎಂತ ಬರ್ದಾರ್ರಿ?" ಎಂದು ಕೇಳುವರು. ನಾನು ಓದಿ ಹೇಳುತ್ತಿದ್ದೆ. ಗ್ಯಾಸಿನ ದರ ಏರಿತೆಂದರೆ, "ನಮ್ಮ ಕಟ್ಟಿಗೆ ಒಲೆ ಒಡೀಬ್ಯಾಡ್ರಿ ಅಂತ ಅವತ್ತೇ ಹೇಳಿದ್ದೆ," ಎನ್ನುವರು. ಯಾವುದೋ ದೂರದೇಶದ ಯುದ್ಧದ ಸುದ್ದಿ ಓದಿದ ದಿನ ಚಾಕು ನಿಲ್ಲಿಸಿ ಕೇಳಿದರು, "ಅಲ್ಲಿ ಶಾಲಿ ನಡೀತದನ್ರಿ ಈಗ?" ಇಲ್ಲವಂತೆ ಎಂದೆ. "ಹಂಗಾದ್ರೆ ಅಡಿಗಿಯವ್ಳು ಎಂತ ಮಾಡ್ತಾಳೊ," ಎಂದು ಮತ್ತೆ ಹೆಚ್ಚತೊಡಗಿದರು.

ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಡುವುದು ಶುರುವಾದಾಗ ಊರಿನಲ್ಲಿ ನಾಲ್ಕು ದಿನ ಚರ್ಚೆ ನಡೆಯಿತು. ಬೇಕೆನ್ನುವವರು, ಬೇಡವೆನ್ನುವವರು ಶಾಲೆಯ ಜಗಲಿಗೇ ಬಂದು ಕೂಗಾಡಿದರು. ನಾನು ಮೊಟ್ಟೆ ಮುಟ್ಟದ ಮನೆಯವಳು. ಯಾವ ಕಡೆಯೂ ಮಾತಾಡದೆ ಹಾಜರಿ ಪುಸ್ತಕ ನೋಡುತ್ತ ಕುಳಿತಿದ್ದೆ. ಮೊದಲ ಸಲ ಮೊಟ್ಟೆ ಬೇಯಿಸಿದ ದಿನ ಮಾವಶಿ ನನ್ನ ಚಹಾ ತಂದಿಟ್ಟು, "ನಿಮ್ಮದು ಬ್ಯಾರೆ ಒಲೆ ಮೇಲೆ, ಬ್ಯಾರೆ ಪಾತ್ರೆಲಿ ಮಾಡೇನ್ರಿ," ಎಂದರು. ನಾನು ಕೇಳಿರಲಿಲ್ಲ. ಅವರೇ ತಿಳಿದು ಮಾಡಿದ್ದರು. ನಾನು ಥ್ಯಾಂಕ್ಸ್ ಅಂದೆ, ಅಷ್ಟೇ. ಎದುರಿಗಿರುವವರಿಗೆ ಏನು ಬೇಕೆಂದು ಅವರು ನೋಡಿಯೇ ತಿಳಿಯುತ್ತಿದ್ದರು. ನಾನು ಕೇಳಿ ತಿಳಿದದ್ದನ್ನೂ ಉಳಿಸಿಕೊಳ್ಳಲಿಲ್ಲ.

ಅವರ ಹಾಡುಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ದೋಸೆಯದ್ದು:

ಒಂದು ದೋಸೆ ಹೊಯ್ದೆ ನಾನು, ಎರಡು ತೂತು ಬಿತ್ತು,
ಮೂರು ಕಾಗೆ ನೋಡಿ ಬಂದ್ವು, ನಾಕು ಚೂರು ಆಯ್ತು,
ಐದು ಬೆರಳ ನೆಕ್ಕೊಂಡು ನಮ್ಮ ಶೇವಂತಿ ನಕ್ತು.

"ನಕ್ತು" ಎನ್ನುವಾಗ ಮಕ್ಕಳೆಲ್ಲ ನಿಜವಾಗಿ ನಗಬೇಕು, ಅದು ಆಟ. ಒಂದು ದಿನ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೊತ್ತಿತ್ತು. ಮಾವಶಿ ಹಂಡೆ ತಿಕ್ಕುತ್ತಿದ್ದರು.

"ಶೇವಂತಿ ಅಂದ್ರೆ ಹೂವಾ ಮಾವಶಿ, ಯಾರದ್ದಾದ್ರೂ ಹೆಸರಾ?"

"ನನ್ನ ಮಗಳದ್ರಿ." ಹಂಡೆಯಿಂದ ಕೈ ತೆಗೆಯದೆ ಹೇಳಿದರು. "ಈ ಹಾಡು ಅದ್ಕೇ ಕಟ್ಟಿದ್ದು. ಉಣ್ಣೂಕೆ ಭಾಳ ಹಟ ಮಾಡ್ತಿತ್ತು. ನಾಕು ವರ್ಷಕ್ಕೆ ಜರ ಬಂತು. ಆಗ ಈ ರೋಡ್ ಇರ್ಲಿಲ್ರಿ. ಅದ್ರಪ್ಪ ಹೊತ್ಕೊಂಡು ಯಲ್ಲಾಪುರ ಮುಟ್ಟೂದ್ರೊಳಗೆ ಹೋಗಿತ್ತು."

ಹಂಡೆ ತಿರುಗಿಸಿ ತಳ ತಿಕ್ಕತೊಡಗಿದರು.

"ಒಂದು ಫೋಟೊ ಇಲ್ಲ. ರೇಶನ್ ಕಾರ್ಡಿಗೂ ಹೆಸರು ಹಾಕ್ಸಿರ್ಲಿಲ್ಲ. ಇನ್ನೊಂದು ವರ್ಷ ಇದ್ದಿದ್ರೆ ಈ ಶಾಲಿ ಪಟ್ಟೀಲಾದ್ರೂ ಬರ್ತಿತ್ತು. ಈ ಹುಡುಗ್ರು ಹಾಡಿದ್ರೆ ನಂಗೆ ಹಾಜರಿ ಕರದ ಹಂಗಾಗ್ತದ್ರಿ ಅಕ್ಕೋರೆ."

ಹಂಡೆ ಬೋರಲು ಹಾಕಿ ಕೈ ಒರೆಸಿಕೊಂಡು, "ಬಸ್ ಬರೂ ಹೊತ್ತಾಯ್ತಲ್ರಿ," ಎಂದರು.

ಇದನ್ನು ನಾನು ಮೊದಲೇ ಹೇಳಿಬಿಡುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಡೆದದ್ದನ್ನು ಕೇಳಿದವರು, ಪಾಪ, ಇವಳಿಗೆ ಗೊತ್ತಿರಲಿಲ್ಲವೇನೋ ಎಂದುಕೊಳ್ಳಬಾರದು. ನನಗೆ ಗೊತ್ತಿತ್ತು.

ಆ ಹಾಡುಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಬರೆಯಲು ಶುರುಮಾಡಿದ್ದು ಕಲಿಸಲು ಅನುಕೂಲವಾಗಲೆಂದೇ. ಒಂದು ದಿನ ಇಲಾಖೆಯ ಮೇಲಿನ ಸಾಹೇಬರು ಶಾಲೆ ನೋಡಲು ಬಂದರು. ಮಕ್ಕಳು ಕಳೆಯುವ ಲೆಕ್ಕವನ್ನು ಮಾವಶಿಯ ಹಪ್ಪಳದ ಹಾಡಿನಲ್ಲಿ ಮಾಡಿ ತೋರಿಸಿದರು. ಸಾಹೇಬರಿಗೆ ಬಹಳ ಖುಷಿಯಾಯಿತು.

"ಇದು ಯಾವ ಪುಸ್ತಕದ್ದು ಮೇಡಂ?"

"ಪುಸ್ತಕದ್ದಲ್ಲ ಸರ್. ಇಲ್ಲೇ ಶಾಲೆಯಲ್ಲೇ ಮಾಡಿಕೊಂಡಿದ್ದು."

"ನೀವೇ ಕಟ್ಟಿದ್ದಾ?"

ಹತ್ತು ಹೆಜ್ಜೆ ಆಚೆ ಮಾವಶಿ ಬೀನ್ಸ್ ಮುರಿಯುತ್ತಿದ್ದರು. ಇಲ್ಲ ಸರ್, ಅವರು, ಎಂದು ಬೆರಳು ತೋರಿಸಿದ್ದರೆ ಸಾಕಿತ್ತು. ನಾನು ನಕ್ಕು ತಲೆ ತಗ್ಗಿಸಿದೆ. ಅದನ್ನು ಸಾಹೇಬರು ವಿನಯವೆಂದು ತಿಳಿದರು. ತಿಳಿಯಲಿ ಎಂದೇ ತಗ್ಗಿಸಿದ್ದೆ.

ಅಲ್ಲಿಂದ ಕೆಲಸ ಬೇಗ ಬೇಗ ಸಾಗಿತು. ನೋಟ್‌ಬುಕ್ ಕಳಿಸಿ ಎಂದರು, ಕಳಿಸಿದೆ. ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ಬೇರೆ ಶಾಲೆಗಳಿಗೂ ಕೊಡೋಣ ಎಂದರು, ಒಪ್ಪಿದೆ. ಹಾಡುಗಳನ್ನು ನೋಡಿ ತಿದ್ದಲು ಶಿರಸಿಯಲ್ಲಿ ನಾಲ್ಕೈದು ಜನ ಸೇರಿದರು. ನಾನೂ ಇದ್ದೆ. ದೋಸೆಯ ಹಾಡಿಗೆ ಬಂದಾಗ ಒಬ್ಬರು, ಬೆರಳು ನೆಕ್ಕುವುದು ಸ್ವಚ್ಛತೆಯ ದೃಷ್ಟಿಯಿಂದ ಸರಿಯಲ್ಲ ಎಂದರು. ಇನ್ನೊಬ್ಬರು, ಒಬ್ಬ ಹುಡುಗಿಯ ಹೆಸರು ಯಾಕೆ, ಎಲ್ಲ ಮಕ್ಕಳಿಗೂ ಅನ್ವಯಿಸುವ ಹಾಗಿರಲಿ ಎಂದರು. ಕೊನೆಯ ಸಾಲು "ಐದು ಬೆರಳ ತೊಳೆದುಕೊಂಡು ಜಾಣಮರಿ ನಕ್ಕಿತು" ಎಂದಾಯಿತು.

ತಿದ್ದುತ್ತಿದ್ದವರು ಪೆನ್ನು ಎತ್ತಿ ನನ್ನನ್ನು ಕೇಳಿದರು, "ಶೇವಂತಿ ಅನ್ನೋದಕ್ಕೆ ಏನಾದ್ರೂ ವಿಶೇಷ ಕಾರಣ ಇತ್ತಾ ಮೇಡಂ? ಇದ್ರೆ ಇಟ್ಕೊಳ್ಳೋಣ."

ಕಾರಣ ಹೇಳಿದರೆ ಶೇವಂತಿ ಯಾರೆಂದು ಹೇಳಬೇಕು. ಶೇವಂತಿ ಯಾರೆಂದು ಹೇಳಿದರೆ ಹಾಡು ಯಾರದ್ದೆಂದು ಹೇಳಬೇಕು.

"ಇಲ್ಲ," ಎಂದೆ. "ಸುಮ್ಮನೆ ಬಾಯಿಗೆ ಬಂದ ಹೆಸರು."

ಅವತ್ತು ಸಂಜೆ ಮನೆಯಲ್ಲಿ ಗಂಡನ ಹತ್ತಿರ ಸುದ್ದಿ ಹೇಳಿದೆ. ಪುಸ್ತಕದ ಮೇಲೆ ನನ್ನ ಹೆಸರು ಬರುತ್ತದೆ ಎಂದಾಗ ಅವರು ತಲೆ ಎತ್ತಿ ನೋಡಿದರು. ಮಾವಶಿಯ ಹಾಡುಗಳನ್ನು ನಾನು ಮನೆಯಲ್ಲಿ ಎಷ್ಟೋ ಸಲ ಹಾಡಿ ತೋರಿಸಿದ್ದೆ. ಹಾಡು ಯಾರದ್ದೆಂದು ಯಾರೂ ಕೇಳಲಿಲ್ಲವೇ ಎಂದು ನಮ್ಮ ಮನೆಮಾತಿನಲ್ಲಿ ಕೇಳಿದರು.

"ಹಾಡು ಯಾರದ್ದು ಹೇಳಿ ಅವ್ವು ಕೇಳಿದ್ವಿಲ್ಯ?"

"ಕೇಳಿದ್ವಿಲ್ಲೆ," ಎಂದು ಸುಳ್ಳು ಹೇಳಿದೆ.

"ಕೇಳದೇ ಹೋದ್ರೆ ಹೇಳಲಾಗ ಹೇಳಿ ಇದ್ದ?"

ಕೇಳದಿದ್ದರೆ ಹೇಳಬಾರದೆಂದು ಎಲ್ಲಿದೆ ಎನ್ನುವುದು ಅವರ ಪ್ರಶ್ನೆ. ನಾನು ಎದ್ದು ಒಳಗೆ ಹೋದೆ. ಅವರು ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ. ಅದು ಕೂಡ ತಪ್ಪನ್ನು ಬೇರೆಯವರ ಮೇಲೆ ಹಾಕುವ ಆಸೆಯೇ ಇರಬೇಕು.

ಪುಸ್ತಕ ಬಂದ ಮೇಲೆ ಯಲ್ಲಾಪುರದಲ್ಲಿ ಒಂದು ಕಾರ್ಯಕ್ರಮವಾಯಿತು. ಹೊಸ ರೀತಿಯಲ್ಲಿ ಕಲಿಸುವ ಶಿಕ್ಷಕರಿಗೆ ಸನ್ಮಾನ. ಅವರಲ್ಲಿ ನಾನೂ ಒಬ್ಬಳು. ನಮ್ಮ ಶಾಲೆಯ ಮಕ್ಕಳು ವೇದಿಕೆಯ ಮೇಲೆ ಹಾಡಬೇಕೆಂದು ಹೇಳಿಕಳಿಸಿದ್ದರು. ಹದಿನೈದು ದಿನ ತರಗತಿಯ ಬಾಗಿಲು ಮುಚ್ಚಿಕೊಂಡು ಹೊಸ ಸಾಲು ಕಲಿಸಿದೆ. ಮಕ್ಕಳನ್ನು ಟೆಂಪೊದಲ್ಲಿ ಕರೆದುಕೊಂಡು ಹೋಗುವಾಗ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಮಾವಶಿ ಬಂದರು. ಹಸಿರು ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ಸಣ್ಣವರ ಮೂಗು ಒರೆಸಿ ವೇದಿಕೆ ಹತ್ತಿಸಿ, ತಾವು ಹೋಗಿ ಕೊನೆಯ ಸಾಲಿನಲ್ಲಿ ಕುಳಿತರು.

ಮಕ್ಕಳು ಚೆನ್ನಾಗಿಯೇ ಶುರು ಮಾಡಿದರು. ಕೊನೆಯ ಸಾಲಿಗೆ ಬಂದಾಗ ದೊಡ್ಡವರು "ಜಾಣಮರಿ" ಎಂದರು. ಒಂದನೇ ತರಗತಿಯ ಸಣ್ಣವರಿಗೆ ಹಳೆಯದೇ ಬಾಯಿಗೆ ಬಂತು. "ನಮ್ಮ ಶೇವಂತಿ ನಕ್ತು" ಎಂದು ಗಟ್ಟಿಯಾಗಿ ಹೇಳಿ, ಹೇಳಿದ ಹಾಗೆ ನಕ್ಕರು. ಸಭೆಯೂ ನಕ್ಕಿತು. ನಾನು ವೇದಿಕೆಯ ಬದಿಯಲ್ಲಿ ನಿಂತಿದ್ದೆ. ಸಣ್ಣವರ ಕಡೆ ಕಣ್ಣು ಕೆಕ್ಕರಿಸಿ, ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದೆ. ಎರಡನೇ ಸಲ ಹಾಡುವಾಗ ಅವರು ಆ ಸಾಲಿಗೆ ಬಂದು ಬಾಯಿ ಮುಚ್ಚಿಕೊಂಡರು.

ತಲೆ ಎತ್ತಿದಾಗ ಕೊನೆಯ ಸಾಲಿನಲ್ಲಿದ್ದ ಮಾವಶಿ ನನ್ನನ್ನೇ ನೋಡುತ್ತಿದ್ದರು. ಮಡಿಲ ಮೇಲಿದ್ದ ಅವರ ಬಲಗೈ ನಿಂತಿತ್ತು.

ವಾಪಸ್ಸು ಬರುವಾಗ ಅವರು ನಿದ್ದೆ ಬಂದ ಮಗುವೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಗೆ ನೋಡುತ್ತ ಕುಳಿತಿದ್ದರು. ನನ್ನ ಕೊರಳಲ್ಲಿದ್ದ ಹಾರವನ್ನು ತೆಗೆದು ಚೀಲಕ್ಕೆ ತುರುಕಿದೆ. ಮರುದಿನ ನಾನು ಶಾಲೆಗೆ ಹೋದ ಕೂಡಲೇ ಅವರು ಬಾಗಿಲಿಗೆ ಬಂದರು.

"ನಿನ್ನೆ ಸಣ್ಣ ಹುಡುಗ್ರು ಸಮಾ ಹೇಳಿದ್ರಲ್ರಿ ಅಕ್ಕೋರೆ. ಬಾಯಿ ಮುಚ್ಚು ಅಂತ ಎಂತಕ್ಕಂದ್ರಿ?"

"ಪುಸ್ತಕದಲ್ಲಿ ಬದಲಾಗಿದೆ ಮಾವಶಿ. ತಿದ್ದೋಕೆ ಅಂತ ಕೂತಿದ್ರಲ್ಲ, ಅವರು..."

"ಅಲ್ಲಿ ನೀವು ಇದ್ರಲ್ರಿ?"

"ಇದ್ದೆ."

ಅವರು ಹೌದೆಂಬಂತೆ ತಲೆಯಾಡಿಸಿದರು. ನನಗೆ ಏನಾದರೂ ಹೇಳಬೇಕಿತ್ತು. "ಮುಂದಿನ ಸಲ ಅಚ್ಚು ಹಾಕುವಾಗ ನಿಮ್ಮ ಹೆಸರು ಹಾಕಿಸ್ತೇನೆ ಮಾವಶಿ, ಹಾಡು ನಿಮ್ಮದು ಅಂತ."

"ನನ್ನ ಹೆಸರು ಬ್ಯಾಡ್ರಿ. ಎಲ್ಲೂ ಬರೀಬ್ಯಾಡ್ರಿ. ಹಾಡು ಎಂತ, ನಾಳೆ ಇನ್ನೊಂದು ಬರ್ತದೆ. ಅದ್ರ ಹೆಸರು ಅಷ್ಟು ವಾಪಸ್ ಇಡ್ರಿ. ಅದ್ಕೆ ಬ್ಯಾರೆ ಜಾಗ ಇಲ್ರಿ."

ಇಡಿಸ್ತೇನೆ ಎಂದೆ. ಖಂಡಿತ ಎಂದೆ. ಅವರು ನಂಬಿದರು.

ಎರಡನೇ ಸಲ ಅಚ್ಚು ಹಾಕುವಾಗ ನನಗೆ ಫೋನು ಬಂತು. ತಿದ್ದುಪಡಿ ಏನಾದರೂ ಇದೆಯೇ ಎಂದು ಕೇಳಿದರು. "ಒಂದು ಹೆಸರು..." ಎಂದು ಶುರು ಮಾಡಿದೆ. ಆ ಕಡೆಯವರು ಒಳ್ಳೆಯ ಮನಸ್ಸಿನಿಂದಲೇ, "ಆಗ್ಲಿ ಮೇಡಂ, ಕಾರಣ ಎರಡು ಸಾಲು ಬರೆದು ಕಳಿಸಿ, ಮಾಡಿಸ್ತೇವೆ," ಎಂದರು. ಎರಡು ಸಾಲು. ಕಾಗದ ತೆಗೆದುಕೊಂಡು ಕುಳಿತೆ. ಏನು ಬರೆದರೂ ಎರಡನೇ ಸಾಲಿಗೆ ನನ್ನ ಬಣ್ಣ ಬಯಲಾಗುತ್ತಿತ್ತು. ಬರೆಯಲಿಲ್ಲ. ಪುಸ್ತಕ ಜಾಣಮರಿಯನ್ನೇ ಇಟ್ಟುಕೊಂಡು ಮತ್ತೆ ಬಂತು. ಅದರ ಕಟ್ಟು ಶಾಲೆಗೆ ಬಂದ ದಿನ ಮಾವಶಿಯೇ ಹೊತ್ತು ತಂದು ಮೇಜಿನ ಮೇಲಿಟ್ಟರು. ಒಂದನ್ನು ಬಿಡಿಸಿ, ಹಾಳೆ ತಿರುವಿ, ಬೆರಳಿಟ್ಟು ಅಕ್ಷರ ಕೂಡಿಸಿ ಓದಿ, ಇದ್ದಲ್ಲಿಯೇ ಇಟ್ಟು ಹೋದರು.

ಅಲ್ಲಿಂದ ಮುಂದೆ ಅವರು ಒಲೆಯ ಮುಂದೆ ಹಾಡಲಿಲ್ಲ.

ಉಳಿದದ್ದೆಲ್ಲ ಮೊದಲಿನ ಹಾಗೆಯೇ ಇತ್ತು. ನನ್ನ ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬೇರೆ ಪಾತ್ರೆಯಲ್ಲೇ. ಪೇಪರಿನ ಸುದ್ದಿ ಕೇಳುವುದು ನಿಂತಿತು. ಕುಕ್ಕರು ಎರಡನೇ ಸೀಟಿ ಹೊಡೆಯುತ್ತಿತ್ತು, ಅದರ ಹಿಂದೆ ಏನೂ ಬರುತ್ತಿರಲಿಲ್ಲ. ಮಕ್ಕಳು, "ಅಕ್ಕೋರೆ, ಮಾವಶಿಗೆ ಗಂಟಲು ಸರಿಯಿಲ್ವಾ?" ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ನಾನೇ ಒಂದೆರಡು ಸಲ ಹೊಸ ಹಾಡು ಕಟ್ಟಲು ಕುಳಿತೆ. ಪ್ರಾಸ ಸಿಕ್ಕಿತು, ತಾಳ ಸಿಕ್ಕಿತು. ಮಕ್ಕಳು ಎರಡು ದಿನ ಹೇಳಿ ಮರೆತರು.

ಅರವತ್ತು ತುಂಬಿತೆಂದು ಮಾರ್ಚಿನ ಕೊನೆಗೆ ಮಾವಶಿಯನ್ನು ಕೆಲಸದಿಂದ ಬಿಡಿಸಿದರು. ಅಡುಗೆಯವರಿಗೆ ಆ ವಯಸ್ಸಾದ ಮೇಲೆ ಪಿಂಚಣಿ ಇಲ್ಲವೆಂಬುದು ಎಲ್ಲರಿಗೂ ಗೊತ್ತಿರುವುದೇ. ನಾವು ಒಂದು ಶಾಲು, ಹಣ್ಣುಕಾಯಿ ಕೊಟ್ಟೆವು. ನಾನು ಭಾಷಣ ಮಾಡಿದೆ. ಅನ್ನಪೂರ್ಣೆ ಎಂದೆ, ತಾಯಿ ಎಂದೆ, ಅವರ ಕೈರುಚಿಯನ್ನು ಹೊಗಳಿದೆ. ಹಾಡಿನ ವಿಷಯ ಒಂದಕ್ಷರ ಎತ್ತಲಿಲ್ಲ. ನೀವೂ ಎರಡು ಮಾತು ಹೇಳಿ ಎಂದಾಗ ಮಾವಶಿ ಎದ್ದು ನಿಂತು ಮಕ್ಕಳಿಗೆ, "ತಟ್ಟೆ ಹಿಂದುಗಡೆನೂ ತೊಳೀರಿ, ಮುಂದಷ್ಟೇ ಅಲ್ಲ," ಎಂದು ಹೇಳಿ ಕುಳಿತರು. ಅದೇ ವರ್ಷ ನನಗೆ ಸಿದ್ದಾಪುರಕ್ಕೆ ವರ್ಗವಾಯಿತು. ಆ ಹೊತ್ತಿಗೆ ನಾನು ಬೇರೆ ಶಿಕ್ಷಕರಿಗೆ ಹಾಡಿನ ಮೂಲಕ ಕಲಿಸುವ ತರಬೇತಿ ಕೊಡುವವಳಾಗಿದ್ದೆ. ಹೊಸ ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ನಿರಾಳವೆನಿಸಿತ್ತು.

ಈಗ ಕೆಲವು ತಿಂಗಳ ಹಿಂದೆ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ವಿಡಿಯೊ ಹಾಕಿದರು. ಬಿಸಿಯೂಟದ ಅಡುಗೆಯವರು ಯಲ್ಲಾಪುರದಲ್ಲಿ ಧರಣಿ ಕುಳಿತದ್ದು. ಕೆಳಗೆ "ಅಡುಗೆಯವರ ಆರ್ಕೆಸ್ಟ್ರಾ" ಎಂದು ಬರೆದು ನಗುವ ಮುಖಗಳನ್ನು ಇಟ್ಟಿದ್ದರು. ಒತ್ತಿ ನೋಡಿದೆ. ಹತ್ತಿಪ್ಪತ್ತು ಹೆಂಗಸರ ನಡುವೆ ಮಾವಶಿ ನಿಂತಿದ್ದರು, ಜನರ ಕಡೆ ಮುಖ ಮಾಡಿ. ಬಲಗೈ ಗಾಳಿಯಲ್ಲಿ ಸುತ್ತುತ್ತಿತ್ತು.

ಅರವತ್ತಾಯ್ತು ಅಂದ್ರು ಸಾಯ್ಬ್ರು, ಸೌಟು ಕೆಳಗಿಡು ಅಂದ್ರು,
ಅರವತ್ತಾದ ಹೊಟ್ಟೆಗಿನ್ನು ಊಟದ ಗಂಟೆ ಇಲ್ಲಂದ್ರು.

ಉಳಿದವರು "ಇಲ್ಲಂದ್ರು, ಇಲ್ಲಂದ್ರು" ಎಂದು ಚಪ್ಪಾಳೆ ತಟ್ಟುತ್ತಿದ್ದರು. ಮಾವಶಿಯ ದನಿ ಸ್ವಲ್ಪ ಒಡೆದಿತ್ತು, ಶ್ರುತಿ ಬಿಟ್ಟಿರಲಿಲ್ಲ. ಮತ್ತೆ ಹಾಡುತ್ತಿದ್ದಾರಲ್ಲ ಎಂದು ಒಂದು ಕ್ಷಣ ಸಂತೋಷವಾಯಿತು. ಅಷ್ಟರಲ್ಲಿ ಗುಂಪಿನಲ್ಲಿ ಸಿದ್ದಾಪುರದ ಒಬ್ಬ ಶಿಕ್ಷಕಿ ಬರೆದರು, "ಮೇಡಂ, ಇದು ನಿಮ್ಮ ಹಾಡುಗಳ ಹಾಗೇ ಇದೆಯಲ್ಲ! ಇವರು ನಿಮ್ಮ ಹಳೇ ಶಾಲೆಯವರಾ? ನಿಮ್ಮಿಂದ ಕಲಿತದ್ದಾ?"

ಉತ್ತರ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅಳಿಸಿದೆ. ಕೊನೆಗೆ ಎರಡು ಕೈ ಮುಗಿದ ಚಿತ್ರ ಹಾಕಿ ಫೋನು ಬದಿಗಿಟ್ಟೆ. ಅದಕ್ಕೆ ಏನರ್ಥ ಎಂದು ನನಗೂ ಗೊತ್ತಿಲ್ಲ. ಅವರು ಮಾತ್ರ ಹೌದೆಂದೇ ತಿಳಿದರು. ಹತ್ತು ಜನ ಹೆಬ್ಬೆರಳು ಒತ್ತಿದರು.

ಮುಂದಿನ ಭಾನುವಾರ ಬಸ್ಸು ಹತ್ತಿ ಇಡಗುಂದಿಗೆ ಹೋದೆ. ಮಾವಶಿಯ ಮನೆ ಶಾಲೆಯಿಂದ ಸ್ವಲ್ಪ ಮೇಲೆ. ಅಷ್ಟು ವರ್ಷ ಆ ಊರಿಗೆ ಓಡಾಡಿದವಳು ಅವರ ಹೊಸಿಲು ತುಳಿದದ್ದು ಅದೇ ಮೊದಲು. ಅಂಗಳದಲ್ಲಿ ಹುರುಳಿ ಕೇರುತ್ತಿದ್ದ ಅವರು ನನ್ನನ್ನು ನೋಡಿ ಎದ್ದು, "ಬರ್ರಿ ಅಕ್ಕೋರೆ," ಎಂದು ಚಾಪೆ ಹಾಸಿದರು. ನೀರು ಕೊಟ್ಟರು. ಗಂಡ ಹೇಗಿದ್ದಾರೆ, ಸಿದ್ದಾಪುರದ ಶಾಲೆಯಲ್ಲಿ ಮಕ್ಕಳೆಷ್ಟು, ಅಲ್ಲಿ ಅಡುಗೆಗೆ ಯಾರಿದ್ದಾರೆ ಎಂದೆಲ್ಲ ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಮಾವಶಿ, ನಾನು ದೊಡ್ಡ ತಪ್ಪು ಮಾಡಿದೆ. ನಿಮ್ಮ ಹಾಡನ್ನ ನನ್ನದು ಅಂದೆ. ಶೇವಂತಿ ಹೆಸರು ನನ್ನೆದುರಿಗೇ ತೆಗೆದ್ರು, ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೂ ಅಲ್ಲ. ಅದು ಸುಮ್ಮನೆ ಬಾಯಿಗೆ ಬಂದ ಹೆಸರು ಅಂತ ಹೇಳಿದೆ."

ಕೊನೆಯ ಮಾತು ಅವರಿಗೆ ಹೊಸದು. ಮೊರವನ್ನು ಕೆಳಗಿಟ್ಟರು.

"ಹಂಗಂದ್ರಾ?"

"ಅಂದೆ."

ನನಗೆ ಅಳು ಬಂತು. ಅವರು ಅದನ್ನು ನೋಡದವರ ಹಾಗೆ ಹುರುಳಿಯಲ್ಲಿದ್ದ ಕಲ್ಲು ಆರಿಸಿದರು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಆಮೇಲೆ ಮೆಲ್ಲಗೆ ಹೇಳಿದರು.

"ಇದು ಇಲ್ಲಿ ಹೇಳೂದಲ್ರಿ ಅಕ್ಕೋರೆ. ಇಲ್ಲಿ ನಂಗೆ ಗೊತ್ತೇ ಅದಲ್ರಿ. ಅಲ್ಲಿ ಹೇಳಬೇಕು."

"ಎಲ್ಲಿ?"

"ಎಲ್ಲಿ ಸುಳ್ಳು ಹೇಳಿದ್ರೋ ಅಲ್ಲಿ."

ನಾನು ಹೊರಟಾಗ ಅವರು ಬೇಲಿಯವರೆಗೂ ಬಂದರು. ಬಂದದ್ದು ಒಳ್ಳೇದಾಯ್ತು ಎಂದು ಹೇಳುತ್ತಾರೇನೋ ಎಂದು ನಿಂತೆ. ಹೇಳಲಿಲ್ಲ. ಬೇಲಿಯ ದಾರಿಗೆ ದಣಪೆಯ ಗಳ ಅಡ್ಡ ಹಾಕಿಕೊಂಡು ಒಳಗೆ ಹೋದರು.

ಮುಂದಿನ ತರಬೇತಿ ಸಿದ್ದಾಪುರದಲ್ಲೇ ಇತ್ತು. ಕೋಣೆ ತುಂಬ ಶಿಕ್ಷಕರು, ಹೆಚ್ಚಿನವರು ಚಿಕ್ಕ ವಯಸ್ಸಿನವರು, ಎಲ್ಲರ ಕೈಯಲ್ಲೂ ಆ ಪುಸ್ತಕ. ಮೈಕ್ ಹಿಡಿದು ನಿಂತೆ. ಹಾಡು ಶುರು ಮಾಡುವ ಮೊದಲು ಎಲ್ಲವನ್ನೂ ಹೇಳಿದೆ. ಈ ಹಾಡುಗಳು ನನ್ನದಲ್ಲ ಎಂದೆ. ಇಡಗುಂದಿ ಕಡೆಯ ಶಾಲೆಯ ಅಡುಗೆಯವರು ಕಟ್ಟಿದ್ದು, ಅವರ ಹೆಸರು ಹೇಳುವುದು ಅವರಿಗೆ ಇಷ್ಟವಿಲ್ಲ, ಅವರ ಮಗಳ ಹೆಸರು ಶೇವಂತಿ, ನಾಲ್ಕು ವರ್ಷಕ್ಕೆ ಹೋದಳು, ಆ ಹೆಸರನ್ನು ತೆಗೆಯುವಾಗ ನಾನು ಅಲ್ಲೇ ಕುಳಿತಿದ್ದೆ, ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಯಾವುದನ್ನೂ ಮೆತ್ತಗೆ ಮಾಡಿ ಹೇಳಲಿಲ್ಲ ಎಂದುಕೊಂಡಿದ್ದೇನೆ. ದೋಸೆಯ ಹಾಡಿನ ಪುಟ ತೆಗೆಯಿರಿ ಎಂದೆ. ಕೊನೆಯ ಸಾಲು ಹೊಡೆದುಹಾಕಿ, ನಾನು ಹೇಳಿದ ಹಾಗೆ ಬರೆದುಕೊಳ್ಳಿ ಎಂದೆ. ಪೆನ್ನುಗಳ ಸದ್ದು ಕೇಳಿಸಿತು. ಹಿಂದಿನಿಂದ ಒಬ್ಬರು, "ಶೇವಂತಿಯಾ, ಸೇವಂತಿಯಾ ಮೇಡಂ?" ಎಂದು ಕೇಳಿದರು. ಶೇವಂತಿ ಎಂದೆ. ಸಂಬಂಧಪಟ್ಟವರಿಗೆ ಎರಡು ಸಾಲಿನ ಕಾರಣವನ್ನೂ ಬೆಳಿಗ್ಗೆಯೇ ಬರೆದು ಕಳಿಸಿದ್ದೆ. ಅದನ್ನೂ ಹೇಳಿದೆ.

ಯಾರಾದರೂ ಎದ್ದು, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ ಎಂದು ಕಾದೆ. ಅದಕ್ಕೆ ತಯಾರಾಗಿಯೇ ಬಂದಿದ್ದೆ.

ಕಾರ್ಯಕ್ರಮ ನಡೆಸುತ್ತಿದ್ದವರು ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಅವರ ಕಣ್ಣು ತುಂಬಿತ್ತು. "ಇಂಥ ದೊಡ್ಡ ಮನಸ್ಸು ಎಷ್ಟು ಜನರಿಗೆ ಇರುತ್ತದೆ ಹೇಳಿ," ಎಂದರು. "ಇಷ್ಟು ಹೆಸರು ಮಾಡಿದ ಮೇಲೆ, ಒಬ್ಬ ಅಡುಗೆಯವರ ಸಲುವಾಗಿ ಎಲ್ಲರೆದುರು ಹೀಗೆ ಹೇಳಿಕೊಳ್ಳೋದು ಸಣ್ಣ ಮಾತಲ್ಲ. ಮೇಡಂಗೆ ಒಂದು ಜೋರಾದ ಚಪ್ಪಾಳೆ ಬರಲಿ."

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಒಬ್ಬರು ಫೋನು ಎತ್ತಿ ವಿಡಿಯೊ ಮಾಡುತ್ತಿದ್ದರು. ಬೇಡ, ನಿಲ್ಲಿಸಿ ಎಂದು ಹೇಳಬಹುದಿತ್ತು. ಹೇಳಬೇಕೆಂದು ಅನಿಸಿದ್ದೂ ಹೌದು. ಆ ಸದ್ದು ಕಿವಿಗೆ ಹಿತವಾಗಿತ್ತು. ಅದು ತಾನಾಗಿ ಮುಗಿಯುವವರೆಗೂ ನಾನು ತಲೆ ತಗ್ಗಿಸಿಕೊಂಡು ನಿಂತೇ ಇದ್ದೆ.